ಬಾಂಬು ಹೊರಗೆಳೆದ ಉಪ್ಪಿನ ಗಣಿಯವರು

ರಾಯಚೂರು ಜಿಲ್ಲೆಯ ಹಟ್ಟಿ ಚಿನ್ನದ ಗಣಿ ಕಾಲೋನಿಯಲ್ಲಿ ಬೆಳೆದ ನನಗೆ ಗಣಿ ಅಂದರೆ ಸೆಕೆ. ಕೆಳಗಿಳಿದಷ್ಟೂ ಜಾಸ್ತಿ ಅಂತ ಅಪ್ಪ ಹೇಳುತ್ತಿದ್ದರು. ಈಗ ನಾನಿರುವ ಆಸ್ಟ್ರಿಯಾದ ಆಲ್ಟೌಸ್ಸೇ ಎಂಬ ಊರಲ್ಲಿ ಉಪ್ಪಿನ ಗಣಿಯಿದೆ. ಅಲ್ಲಿ ಬೆಟ್ಟದೊಳಕ್ಕೆ ನಡೆದುಕೊಂಡೇ ಹೋಗುವುದು. ಬೇಸಿಗೆಯಲ್ಲೂ ಒಳಗೆ ಚಳಿ. ಗೋಡೆ ಮುಟ್ಟಿದ ಬೆರಳು ನಾಲಿಗೆಗೆ ತಾಗಿದರೆ ಉಪ್ಪುಪ್ಪು.

ಎರಡನೇ ಮಹಾಯುದ್ಧದಲ್ಲಿ ನಾಜಿಗಳು ಯುರೋಪಿನ ತುಂಬಾ ದೋಚಿದ ಕಲಾಕೃತಿಗಳನ್ನು ಇಲ್ಲಿ ಬಚ್ಚಿಟ್ಟಿದ್ದರು. 6,500ಕ್ಕೂ ಹೆಚ್ಚು ಚಿತ್ರಗಳು! ಬೆಲ್ಜಿಯಮ್‌ನ ಬ್ರೂಜ್ ಚರ್ಚಿನಿಂದ ಹೊತ್ತು ತಂದ ಮೈಕೆಲ್ಯಾಂಜೆಲೋನ ಅಮೃತಶಿಲೆಯ ತಾಯಿ-ಮಗು, ಯಹೂದಿ ರಾಥ್‌ಶೀಲ್ಡ್ ಮನೆತನದಿಂದ ಕಿತ್ತುಕೊಂಡ ಡಚ್ ಚಿತ್ರಕಾರ ವರ್ಮೀರನ ‘ಖಗೋಳಜ್ಞ’ ಚಿತ್ರ, ಎಲ್ಲವೂ. ಗಣಿಯೊಳಗೆ ತಂಪು, ತೇವ ವರ್ಷವಿಡೀ ಒಂದೇ ಥರ. ಬಣ್ಣ ಕೆಡುವುದಿಲ್ಲ. ವಿಮಾನದಾಳಿಯ ಭಯವೂ ಇಲ್ಲ.

1945ರ ಏಪ್ರಿಲ್‌ನಲ್ಲಿ ಸೋಲು ಖಚಿತವಾಯಿತು. ಈ ಭಾಗದ ನಾಜಿ ಮುಖಂಡ ಐಗ್ರೂಬರ್ ಎಂಟು ದೊಡ್ಡ ಪೆಟ್ಟಿಗೆಗಳನ್ನು ಒಳಗೆ ಇಡಿಸಿದ. ಮೇಲೆ ‘ಎಚ್ಚರಿಕೆ, ಅಮೃತಶಿಲೆ, ಬೀಳಿಸಬೇಡಿ’ ಎಂದು ಬರೆದಿತ್ತು. ಒಳಗಿದ್ದದ್ದು 500 ಕಿಲೋ ತೂಕದ ಬಾಂಬುಗಳು. ಶತ್ರುಗಳ ಕೈಗೆ ಸಿಗುವುದಕ್ಕಿಂತ ಎಲ್ಲ ನಾಶವಾಗಲಿ ಅನ್ನೋ ಹಟ.

ವಿಷಯ ತಿಳಿದ ಕಾರ್ಮಿಕರು ಮೇ ಮೊದಲ ವಾರ ರಾತ್ರೋರಾತ್ರಿ ಎಂಟನ್ನೂ ಹೊರಗೆಳೆದರು. ಮತ್ತೆ ಯಾರೂ ಒಳಗೆ ಹೋಗದಂತೆ, ತಾವೇ ಮದ್ದಿಟ್ಟು ಸುರಂಗಗಳ ಬಾಯಿ ಕೆಡವಿದರು. ಅಪ್ಪ ಹಟ್ಟಿಯಲ್ಲಿ ಬ್ಲಾಸ್ಟಿಂಗ್ ಕೆಲಸದಲ್ಲಿದ್ದವರು. ಫೋನಿನಲ್ಲಿ ಇದನ್ನು ಕೇಳಿ ಸ್ವಲ್ಪ ಹೊತ್ತು ಸುಮ್ಮನಿದ್ದರು. “ಬಾಯಿ ಅಷ್ಟ ಕುಸೀಬೇಕು, ಒಳಗಿನ ಕಲ್ಲು ಅಲುಗಬಾರ್ದು. ಮದ್ದಿನ ಲೆಕ್ಕ ಒಂಚೂರು ತಪ್ಪಿದ್ರ ಎಲ್ಲಾ ಹೋಗತಿತ್ತು” ಅಂದರು.

ಆ ಕಾರ್ಮಿಕರು ಉಳಿಸಿಕೊಂಡಿದ್ದು ತಮ್ಮ ಗಣಿಯನ್ನು, ಕಲೆಯನ್ನಲ್ಲ ಅನ್ನುವವರಿದ್ದಾರೆ. ಗಣಿ ಹೋದರೆ ಊರಿನ ಅನ್ನವೇ ಹೋಗುತ್ತಿತ್ತು, ನಿಜ. ಅದರಿಂದ ಅವರ ಕೆಲಸ ಸಣ್ಣದಾಗುತ್ತದಾ? ಯುದ್ಧ ಮುಗಿದ ಮೇಲೆ ‘ನಾನೇ ಉಳಿಸಿದೆ’ ಎಂದು ಮುಂದೆ ಬಂದವರು ಹಲವರು. ನನ್ನ ಮಟ್ಟಿಗೆ ಮೊದಲ ಗೌರವ ಆ ಪೆಟ್ಟಿಗೆ ಎಳೆದವರಿಗೆ.

ಅಮೆರಿಕನ್ ಸೈನಿಕರು ಬಂದ ಮೇಲೆ ಕಲಾಕೃತಿಗಳು ಹೊರಬಂದವು. ತಾಯಿ-ಮಗು ಬ್ರೂಜ್‌ಗೆ ಮರಳಿತು. ‘ಖಗೋಳಜ್ಞ’ ರಾಥ್‌ಶೀಲ್ಡರಿಗೆ ಸಿಕ್ಕಿತು, ಈಗ ಪ್ಯಾರಿಸ್‌ನ ಲೂವ್ರ್ ಮ್ಯೂಸಿಯಂನಲ್ಲಿದೆ. ಎಲ್ಲರಿಗೂ ಹಾಗಾಗಲಿಲ್ಲ. ವಾರಸುದಾರರು ಸಿಗದೆ ಆಸ್ಟ್ರಿಯಾ ಸರ್ಕಾರದ ಬಳಿ ದಶಕಗಳ ಕಾಲ ಉಳಿದಿದ್ದ ಕಲಾಕೃತಿಗಳು 1996ರಲ್ಲಿ ವಿಯೆನ್ನಾದಲ್ಲಿ ಹರಾಜಾದವು. ಬಂದ ಹಣ ನಾಜಿಗಳಿಂದ ನೊಂದವರಿಗೆ ಹೋಯಿತು.