ಪಿ.ಟಿ. ಮೇಷ್ಟ್ರು ಹೇಳಿದ ವುಡ್‌ವರ್ಡ್

ಹತ್ತನೇ ತರಗತಿಯಲ್ಲಿ ಫುಟ್‌ಬಾಲ್ ಫೈನಲ್‌ಗೆ ಎರಡು ವಾರ ಇದೆ ಅನ್ನುವಾಗ ನನ್ನ ಕಾಲು ಉಳುಕಿತು. ನನ್ನ ಜಾಗದಲ್ಲಿ ಒಂಬತ್ತನೇ ತರಗತಿಯ ಹುಡುಗನೊಬ್ಬ ಆಡಿದ, ಸೆಮಿಫೈನಲ್‌ನಲ್ಲಿ ಗೋಲನ್ನೂ ಹೊಡೆದ. ಫೈನಲ್‌ನ ಹಿಂದಿನ ಸಂಜೆ ಪಿ.ಟಿ. ಮೇಷ್ಟ್ರ ಹತ್ತಿರ ಹೋಗಿ, ‘ಸಾರ್, ಕಾಲು ಸರಿಹೋಗಿದೆ, ನಾಳೆ ನಾನೇ ಆಡ್ತೀನಿ’ ಅಂದೆ. ಅವರು ಹೂಂ ಅನ್ನಲಿಲ್ಲ, ಉಹೂಂ ಅನ್ನಲಿಲ್ಲ. ಗೋಲ್‌ಕಂಬದ ಪಕ್ಕ ಕೂರಿಸಿಕೊಂಡು ಇಂಗ್ಲೆಂಡಿನ ಹಳೆಯ ಫುಟ್‌ಬಾಲ್ ಆಟಗಾರ ವಿವಿಯನ್ ವುಡ್‌ವರ್ಡ್‌ನ ಕಥೆ ತೆಗೆದರು.

1879ರಲ್ಲಿ ಲಂಡನ್ನಿನಲ್ಲಿ ಹುಟ್ಟಿದ ವುಡ್‌ವರ್ಡ್ ವೃತ್ತಿಯಿಂದ ವಾಸ್ತುಶಿಲ್ಪಿ. ಆಗ ಸಂಬಳದ ಆಟಗಾರರಿಗೆ ವಾರಕ್ಕೆ ಹೆಚ್ಚೆಂದರೆ 4 ಪೌಂಡು ಎಂಬ ಮಿತಿಯಿತ್ತು. ಇವನು ಅದನ್ನೂ ತೆಗೆದುಕೊಳ್ಳದ ಹವ್ಯಾಸಿ. ಹವ್ಯಾಸಿ ಅಂದರೆ ಬಿಡುವಿದ್ದಾಗ ಆಡುವವನು ಅಂದುಕೊಂಡಿದ್ದೆ ನಾನು. ಇಂಗ್ಲೆಂಡ್ ಪರ 23 ಪಂದ್ಯ, 29 ಗೋಲು ಎಂದು ಮೇಷ್ಟ್ರು ಹೇಳಿದಾಗ ಬಾಯಿ ಕಟ್ಟಿತು. ಆ ಲೆಕ್ಕವನ್ನು ದಾಟಲು ಬೇರೆಯವರಿಗೆ 1958ರವರೆಗೆ ಆಗಲಿಲ್ಲ. ಅವನ ಕ್ಲಬ್ ಟಾಟನ್‌ಹ್ಯಾಮ್ 1908ರಲ್ಲಿ ಫುಟ್‌ಬಾಲ್ ಲೀಗ್‌ಗೆ ಕಾಲಿಟ್ಟಾಗ ಅದರ ಮೊದಲ ಗೋಲು ಇವನದೇ. ಅದೇ ವರ್ಷ ಲಂಡನ್ ಒಲಿಂಪಿಕ್ಸ್ ಫೈನಲ್‌ನಲ್ಲಿ ಡೆನ್ಮಾರ್ಕ್ ವಿರುದ್ಧ ಬ್ರಿಟನ್‌ಗೆ 2–0 ಗೆಲುವು, ಎರಡನೆಯ ಗೋಲು ಇವನದು. 1912ರಲ್ಲಿ ಸ್ಟಾಕ್‌ಹೋಮ್‌ನಲ್ಲಿ ಮತ್ತೆ ಡೆನ್ಮಾರ್ಕ್, 4–2. ಎರಡು ಚಿನ್ನಕ್ಕೂ ಇವನೇ ನಾಯಕ. ಎರಡನೆಯದನ್ನು ಗೆದ್ದಾಗ ವಯಸ್ಸು ಮೂವತ್ತಮೂರು.

ಇಷ್ಟೆಲ್ಲ ಇದ್ದರೂ ಇಂಗ್ಲೆಂಡಿನ ಕ್ಲಬ್ಬುಗಳ ದೊಡ್ಡ ನಾಕೌಟ್ ಪಂದ್ಯಾವಳಿಯಾದ ಎಫ್.ಎ. ಕಪ್‌ನ ಫೈನಲ್ ಒಂದನ್ನೂ ಅವನು ಆಡಿರಲಿಲ್ಲ. 1909ರಿಂದ ಚೆಲ್ಸಿ ಕ್ಲಬ್ಬಿನಲ್ಲಿದ್ದ. 1914ರಲ್ಲಿ ಯುದ್ಧ ಶುರುವಾದಾಗ ಸೈನ್ಯಕ್ಕೆ ಸೇರಿಕೊಂಡ. ಮರುವರ್ಷ ಚೆಲ್ಸಿ ಮೊದಲ ಬಾರಿಗೆ ಫೈನಲ್ ತಲುಪಿತು. ಹಿಂದಿನ ಸುತ್ತುಗಳಲ್ಲಿ ಆಡಿದ್ದ ಬಾಬ್ ಥಾಮ್ಸನ್‌ನ ಮೊಣಕೈಗೆ ಪೆಟ್ಟಾಗಿತ್ತು. ವುಡ್‌ವರ್ಡ್‌ಗೆ ಸೈನ್ಯದಿಂದ ರಜೆ ಸಿಕ್ಕಿತು, ಬಂದ. ಅಷ್ಟರಲ್ಲಿ ಥಾಮ್ಸನ್ ಆಡಬಲ್ಲ ಎಂದು ತಿಳಿಯಿತು. ತಂಡವನ್ನು ಅಲ್ಲಿಯವರೆಗೆ ತಂದವರಲ್ಲಿ ಒಬ್ಬ ಅವನು, ಆ ಜಾಗ ಅವನದೇ ಎಂದು ವುಡ್‌ವರ್ಡ್ ಪಕ್ಕಕ್ಕೆ ಸರಿದ. 1915ರ ಏಪ್ರಿಲ್ 24, ಓಲ್ಡ್ ಟ್ರ್ಯಾಫರ್ಡ್, ಗ್ಯಾಲರಿಯ ತುಂಬ ಖಾಕಿ ಸಮವಸ್ತ್ರದವರು. ಚೆಲ್ಸಿ ಶೆಫೀಲ್ಡ್ ಯುನೈಟೆಡ್‌ಗೆ 3–0ಯಿಂದ ಸೋತಿತು. ಮೇಷ್ಟ್ರು ಆ ಸೋಲನ್ನು ಮುಚ್ಚಿಡಲಿಲ್ಲ. ಅವರ ಮೇಲೆ ನನಗಿರುವ ಗೌರವ ಬೆಳೆದದ್ದು ಅಲ್ಲಿಂದಲೇ.

ಮುಂದಿನದನ್ನು ನಾನು ದೊಡ್ಡವನಾದ ಮೇಲೆ ಓದಿಕೊಂಡೆ. ಫುಟ್‌ಬಾಲ್ ಆಟಗಾರರಿಗಾಗಿಯೇ ಕಟ್ಟಿದ ಪಡೆಯಲ್ಲಿದ್ದ ಅವನಿಗೆ 1916ರ ಜನವರಿಯಲ್ಲಿ ಗ್ರೆನೇಡ್ ಸಿಡಿದು ತೊಡೆಗೆ ಗಾಯವಾಯಿತು. ಯುದ್ಧ ಮುಗಿದ ಮೇಲೆ ಎಸೆಕ್ಸ್‌ನಲ್ಲಿ ಬೇಸಾಯ ಮಾಡಿಕೊಂಡಿದ್ದ, ಕೆಲವು ವರ್ಷ ಚೆಲ್ಸಿಯ ನಿರ್ದೇಶಕನೂ ಆಗಿದ್ದ. ತೀರಿಕೊಂಡದ್ದು 1954ರಲ್ಲಿ. ಅವನ ಎರಡು ಚಿನ್ನಕ್ಕಿಂತ, ಆಡದೇ ಬಿಟ್ಟ ಆ ಒಂದು ಪಂದ್ಯವೇ ನನಗೆ ಇಂದಿಗೂ ದೊಡ್ಡದಾಗಿ ಕಾಣುತ್ತದೆ.

ಆ ಸಂಜೆ ಮಾತ್ರ ಹಾಗನ್ನಿಸಿರಲಿಲ್ಲ. ಹೊಟ್ಟೆ ಉರಿಯುತ್ತಿತ್ತು. ‘ಅವನೇ ಆಡಿದ್ದಿದ್ರೆ ಚೆಲ್ಸಿ ಗೆಲ್ತಿತ್ತಾ ಸಾರ್?’ ಎಂದೆ.

‘ಯಾರಿಗೆ ಗೊತ್ತು ಕಣೋ’ ಎಂದು ಮೇಷ್ಟ್ರು ಎದ್ದು ಪ್ಯಾಂಟಿನ ಮಣ್ಣು ಕೊಡವಿಕೊಂಡರು. ‘ಆ ಹುಡುಗನ ಹತ್ತಿರ ಬೂಟಿಲ್ಲ, ನೋಡಿದ್ದೀಯಾ?’

ಮರುದಿನ ಬೆಳಿಗ್ಗೆ ನನ್ನ ಬೂಟು ತೆಗೆದುಕೊಂಡು ಹೋದೆ. ಅವನಿಗೆ ಒಂದು ಸೈಜು ದೊಡ್ಡದಾಯಿತು. ಮುಂದಕ್ಕೆ ಹತ್ತಿ ತುರುಕಿ, ಲೇಸು ನಾನೇ ಬಿಗಿಯಾಗಿ ಕಟ್ಟಿದೆ.