ಹಳೇ 55 ಎಂ.ಎಂ. ಮೈಕ್ರೋ-ನಿಕ್ಕೋರ್: ಚಗಳಿ ಇರುವೆಗೆ ಅಂತ ತಂದದ್ದು ಪಂಚಾಂಗಕ್ಕೆ ಬಂತು

ಮೇ ಕೊನೆಯ ವಾರ

ಲೆನ್ಸ್ ಬಂತು. 55 ಎಂ.ಎಂ. ಎಫ್ 3.5 ಮೈಕ್ರೋ-ನಿಕ್ಕೋರ್, ಅಂದರೆ ಹತ್ತಿರದಿಂದ ಫೋಟೋ ತೆಗೆಯಲು ನಿಕಾನ್ ಮಾಡಿದ ಲೆನ್ಸ್. ಎಐ (ಆಟೋಮ್ಯಾಟಿಕ್ ಇಂಡೆಕ್ಸಿಂಗ್) ಮಾದರಿ. ನಿಕಾನ್ ಎಐ ಲೆನ್ಸುಗಳು ಶುರುವಾಗಿದ್ದು 1977ರಲ್ಲಿ, ಹಾಗಾಗಿ ಇದಕ್ಕೆ ಹತ್ತಿರ ಹತ್ತಿರ ಐವತ್ತು ವರ್ಷ. ಕೈಯಲ್ಲಿ ಹಿಡಿದರೆ ತಣ್ಣಗೆ, ಗಟ್ಟಿ ಲೋಹ. ಮುಂದಿನ ಗಾಜು ಬಾವಿಯೊಳಗೆ ಇಟ್ಟ ಹಾಗೆ ತುಂಬಾ ಒಳಗಿದೆ, ಅದಕ್ಕೆ ಅಡ್ಡ ಬೆಳಕು ತಡೆಯುವ ಹುಡ್ ಬೇರೆ ಬೇಕಾಗಿಲ್ಲ.

ಮಾರಿದವರು ಬೂಷ್ಟು ಇಲ್ಲ ಅಂದಿದ್ದರು. ಮೊಬೈಲ್ ಟಾರ್ಚ್ ಹಿಡಿದು ನೋಡಿದೆ. ಹಿಂದಿನ ಗಾಜಿನ ಒಳಮೈಯ ಅಂಚಿನಲ್ಲಿ ಜೇಡನ ಎಳೆಯಂಥ ಬಿಳಿ ಗೆರೆಗಳು. ಬೂಷ್ಟೇ. ಬೇಜಾರಾಯಿತು, ಆದರೆ ವಾಪಸ್ ಕಳಿಸುವ ಮನಸ್ಸಾಗಲಿಲ್ಲ. ಫೋಕಸ್ ರಿಂಗ್ ಅಷ್ಟು ಚೆನ್ನಾಗಿ ತಿರುಗುತ್ತಿತ್ತು.

ಬಿಚ್ಚುವವರಿಗೆ ಒಂದು ಮಾತು. ಜಪಾನಿನ ಹಳೇ ಲೆನ್ಸುಗಳ ಸ್ಕ್ರೂಗಳು ಪ್ಲಸ್ ಗುರುತಿನವೇ ಆದರೂ ನಮ್ಮ ಮಾಮೂಲಿ ಸ್ಟಾರ್ ಸ್ಕ್ರೂಡ್ರೈವರ್ ಅದಕ್ಕೆ ಸರಿ ಕೂರುವುದಿಲ್ಲ. ಅವು ಜೆಐಎಸ್, ಅಂದರೆ ಜಪಾನಿನ ಕೈಗಾರಿಕಾ ಮಾನಕದ ಅಳತೆಯವು. ನನಗೆ ಗೊತ್ತಿರಲಿಲ್ಲ, ಮೊದಲನೇ ಸ್ಕ್ರೂವಿನ ತಲೆಯನ್ನು ಸವೆಸಿಬಿಟ್ಟೆ. ಜೆಐಎಸ್ ಸ್ಕ್ರೂಡ್ರೈವರ್ ತರಿಸಿ, ಒಂದು ಹನಿ ಅಸಿಟೋನ್ ಬಿಟ್ಟು ಹತ್ತು ನಿಮಿಷ ಕಾದ ಮೇಲೆ ಉಳಿದವು ಸಲೀಸಾಗಿ ಬಂದವು. ಬೂಷ್ಟನ್ನು ಐಸೋಪ್ರೊಪೈಲ್ ಆಲ್ಕೋಹಾಲ್ ಹಾಕಿ ಒರೆಸಿದೆ. ಲೇಪನದ ಮೇಲೆ ಬೂಷ್ಟು ಕೊರೆದ ಕಲೆ ಸ್ವಲ್ಪ ಉಳಿಯಿತು, ಫೋಟೋದಲ್ಲಿ ಏನೂ ಕಾಣುವುದಿಲ್ಲ. ನಮ್ಮ ಸಾಗರದ ಮಳೆಗಾಲದಲ್ಲಿ ಬೀರುವಿನಲ್ಲಿಟ್ಟ ಚಪ್ಪಲಿಗೇ ಬೂಷ್ಟು ಹಿಡಿಯುತ್ತದೆ. ಹಾಗಾಗಿ ಲೆನ್ಸ್ ಈಗ ಗಾಳಿಯಾಡದ ಡಬ್ಬಿಯಲ್ಲಿ, ಸಿಲಿಕಾ ಜೆಲ್ ಜೊತೆ.

ಜೂನ್ ಮೊದಲ ವಾರ

ಅಡಾಪ್ಟರ್ ಲೆಕ್ಕ. ಲೆನ್ಸ್ ಕ್ಯಾಮೆರಾಕ್ಕೆ ಕೂರುವ ಬಾಯಿಯೇ ಮೌಂಟ್. ನಿಕಾನ್ ಎಫ್ ಮೌಂಟಿನಲ್ಲಿ ಮೌಂಟಿನಿಂದ ಫಿಲ್ಮಿಗೆ 46.5 ಮಿ.ಮೀ. ದೂರ. ನನ್ನ ಸೋನಿ ಎ6000ರಲ್ಲಿ ಮೌಂಟಿನಿಂದ ಸೆನ್ಸರಿಗೆ 18 ಮಿ.ಮೀ. ಮಧ್ಯದ 28.5 ಮಿ.ಮೀ. ಜಾಗವನ್ನು ತುಂಬುವ ಖಾಲಿ ಕೊಳವೆಯೇ ಅಡಾಪ್ಟರ್. ಅದರಲ್ಲಿ ಗಾಜಿಲ್ಲ, ವೈರಿಲ್ಲ. ಮಿರರ್‌ಲೆಸ್ ಕ್ಯಾಮೆರಾಗಳಿಗೆ ಇಷ್ಟೊಂದು ಹಳೇ ಲೆನ್ಸು ಹೊಂದುವುದಕ್ಕೆ ಕಾರಣವೂ ಇದೇ, ಕನ್ನಡಿ ಹೋದ ಮೇಲೆ ಜಾಗ ಉಳಿಯಿತು. ನನ್ನ ಅಡಾಪ್ಟರನ್ನು ವರ್ನಿಯರಿನಲ್ಲಿ ಅಳೆದರೆ 28.3 ಬಂತು. ಚೂರು ಗಿಡ್ಡ. ಇನ್ಫಿನಿಟಿ (ಅತಿ ದೂರದ) ಗುರುತಿಗಿಂತ ಸ್ವಲ್ಪ ಮೊದಲೇ ದೂರದ ಗುಡ್ಡ ಫೋಕಸ್ ಆಗುತ್ತದೆ, ಅಷ್ಟೇ. ಹತ್ತಿರದ ಕೆಲಸಕ್ಕೆ ಇದರಿಂದ ತೊಂದರೆಯಿಲ್ಲ.

ಕ್ಯಾಮೆರಾದ ಮೆನುವಿನಲ್ಲಿ ‘ಲೆನ್ಸ್ ಇಲ್ಲದೆಯೂ ಶಟರ್ ಬಿಡು’ ಅನ್ನುವುದನ್ನು ಆನ್ ಮಾಡಲೇಬೇಕು. ಇಲ್ಲವಾದರೆ ಏನು ಮಾಡಿದರೂ ಕ್ಲಿಕ್ ಆಗುವುದಿಲ್ಲ. ಆಮೇಲೆ ಎ ಮೋಡಿನಲ್ಲಿಟ್ಟು, ಅಪರ್ಚರ್ (ಬೆಳಕು ಬಿಡುವ ರಂಧ್ರದ) ರಿಂಗನ್ನು ಕೈಯಲ್ಲಿ ತಿರುಗಿಸಿದರೆ ಶಟರ್ ವೇಗವನ್ನು ಕ್ಯಾಮೆರಾನೇ ನೋಡಿಕೊಳ್ಳುತ್ತದೆ.

ಈ ಲೆನ್ಸ್ ಒಂದೇ ಇದ್ದರೆ ಸೆನ್ಸರಿನ ಮೇಲೆ ವಸ್ತುವಿನ ಅರ್ಧ ಗಾತ್ರ, ಅಂದರೆ 1:2 ತನಕ ಮಾತ್ರ ಹೋಗುತ್ತದೆ. 55ರ ಅರ್ಧ 27.5. ಪೂರ್ತಿ ತಿರುಗಿಸಿದಾಗ ಲೆನ್ಸ್ ಅಷ್ಟೇ ಮಿಲಿಮೀಟರ್ ಮುಂದೆ ಬರುತ್ತದೆ. 1:1 ಬೇಕೆಂದರೆ ಇನ್ನೊಂದು 27.5 ಬೇಕು. ನಿಕಾನಿನ ಪಿಕೆ-13 ಅನ್ನೋ ರಿಂಗ್ ಸರಿಯಾಗಿ ಅಷ್ಟೇ ಉದ್ದ. ನನಗದು ಸಿಗಲಿಲ್ಲ. ಮನೆಯಲ್ಲಿದ್ದ, ಲೆನ್ಸನ್ನು ಮುಂದೆ ತಳ್ಳುವ 10 ಮತ್ತು 16 ಮಿ.ಮೀ.ನ ಎಕ್ಸ್‌ಟೆನ್ಶನ್ ಟ್ಯೂಬ್ ಎರಡನ್ನೂ ಸೇರಿಸಿದೆ. 26 ಆಯಿತು. 27.5ಕ್ಕೆ 26 ಕೂಡಿಸಿ 55ರಿಂದ ಭಾಗಿಸಿದರೆ 0.97. ಲೆಕ್ಕ ಸರಿಯಿದೆಯಾ ನೋಡೋಣ ಅಂತ ಸ್ಟೀಲ್ ಸ್ಕೇಲಿನ ಫೋಟೋ ತೆಗೆದೆ. ಚೌಕಟ್ಟಿನೊಳಗೆ 24 ಮಿ.ಮೀ. ಮತ್ತು ಚೂರು. ಸೆನ್ಸರಿನ ಅಗಲ 23.5. ಸರಿಹೋಯಿತು! ಕಾಗದದ ಮೇಲಿನ ಲೆಕ್ಕ ಸ್ಕೇಲಿನಲ್ಲಿ ಹಾಗೇ ಬಂದಾಗ ಆಗುವ ಖುಷಿಯೇ ಬೇರೆ.

ಜೂನ್ ಮೂರನೇ ವಾರ

ಇಷ್ಟೆಲ್ಲ ಮಾಡಿದ್ದು ಚಗಳಿಗೋಸ್ಕರ. ಹಿತ್ತಲ ಮಾವಿನ ಮರದಲ್ಲಿ ಅವುಗಳ ಕೊಟ್ಟೆ, ಅಂದರೆ ಎಲೆಯ ಗೂಡು, ಇದೆ. ಎಲೆಗಳನ್ನು ಹತ್ತಿರ ಎಳೆದು ಹಿಡಿದು, ತಮ್ಮ ಮರಿಹುಳದ ಬಾಯಿಂದ ಬರುವ ರೇಷ್ಮೆಯಲ್ಲೇ ಹೊಲಿಯುತ್ತವಲ್ಲ, ಆ ಹೊಲಿಗೆ ನನಗೆ ಹತ್ತಿರದಿಂದ ಬೇಕಿತ್ತು.

ಕಷ್ಟ ಬೆಳಕಿನದು. ಎಫ್ ಅಂಕಿ ಹೆಚ್ಚಿದಷ್ಟೂ ಬೆಳಕು ಕಡಿಮೆ. 1:1ರಲ್ಲಿ ರಿಂಗಿನ ಮೇಲೆ ಎಫ್ 8 ಅಂತಿದ್ದರೂ ಸೆನ್ಸರಿಗೆ ತಲುಪುವುದು ಎಫ್ 16ರಷ್ಟೇ ಬೆಳಕು. ಎರಡು ಸ್ಟಾಪ್, ಅಂದರೆ ಮುಕ್ಕಾಲು ಪಾಲು ಬೆಳಕು ಹೋಯಿತು. ಎಫ್ 16ಕ್ಕೆ ಇಟ್ಟರೆ ಅದು 32 ಆಗಿ, ಸಣ್ಣ ರಂಧ್ರದಲ್ಲಿ ಬೆಳಕು ಹರಡುವ ಡಿಫ್ರಾಕ್ಷನ್‌ನಿಂದ ಇಡೀ ಚಿತ್ರವೇ ಮಂಕು. ಹಾಗಂತ ಎಫ್ 8ರಲ್ಲಿ ಫೋಕಸ್ ಇರುವ ಆಳ ಮುಕ್ಕಾಲು ಮಿಲಿಮೀಟರೂ ಇಲ್ಲ. ಚಗಳಿಯ ಕಣ್ಣು ಸಿಕ್ಕರೆ ಮೀಸೆ ಸಿಗುವುದಿಲ್ಲ. ಹೊಟ್ಟೆ ಎತ್ತಿಕೊಂಡು ಕೊಟ್ಟೆ ಕಾಯುವವು ಒಂದೆರಡು ಕ್ಷಣ ನಿಲ್ಲುತ್ತವೆ, ಉಳಿದವು ಒಂದು ಗಳಿಗೆಯೂ ನಿಲ್ಲುವುದಿಲ್ಲ, ಮೇಲಿಂದ ಲೆನ್ಸ್ ಅವುಗಳಿಂದ ಮೂರ್ನಾಲ್ಕು ಬೆರಳು ದೂರದಲ್ಲಿರುವುದರಿಂದ ಸೀದಾ ಕೈ ಮೇಲೆ ಹತ್ತಿ ಕಚ್ಚುತ್ತವೆ.

ಕೊನೆಗೆ ಕೆಲಸ ಮಾಡಿದ್ದು ಇದು: ಫ್ಲಾಶ್ ಮ್ಯಾನುಯಲ್‌ನಲ್ಲಿ 1/16, ಶಟರ್ 1/160, ರಿಂಗ್ ಎಫ್ 8, ಫ್ಲಾಶಿನ ಮುಂದೆ ಟಿವಿ ಡಬ್ಬಿಯೊಳಗೆ ಬಂದಿದ್ದ ಬಿಳಿ ಫೋಮ್ ಹಾಳೆ ಬಾಗಿಸಿ ಕಟ್ಟಿದ್ದು. ಫೋಕಸ್ ರಿಂಗ್ ಮುಟ್ಟಬಾರದು. ಮೈಯನ್ನೇ ಹಿಂದೆ ಮುಂದೆ ತೂಗಿ, ಕಣ್ಣು ಸ್ಪಷ್ಟವಾದ ಕೂಡಲೇ ಒತ್ತಬೇಕು. ಇನ್ನೂರಕ್ಕೆ ಹನ್ನೊಂದು ಚೆನ್ನಾಗಿ ಬಂದವು. ಒಂದರಲ್ಲಿ ಎರಡು ಎಲೆಗಳ ನಡುವಿನ ರೇಷ್ಮೆ ಎಳೆ ಎಳೆಯಾಗಿ ಕಾಣುತ್ತದೆ, ಅಮ್ಮ ಅದನ್ನು ನೋಡಿ ಬ್ಯಾಂಡೇಜ್ ಬಟ್ಟೆ ಇದ್ದ ಹಾಗಿದೆ ಅಂದರು.

ಜುಲೈ

ಮಳೆ ಹಿಡಿಯಿತು, ಹೊರಗೆ ಹೋಗುವ ಹಾಗಿಲ್ಲ. ಸುಮ್ನೆ ಪರೀಕ್ಷೆಗೆ ಅಂತ ಅಜ್ಜನ ಹಳೇ ಪಂಚಾಂಗ ಇಟ್ಟು ತೆಗೆದೆ. ಅಲ್ಲಿಂದ ದಾರಿಯೇ ಬದಲಾಯಿತು.

ಈ ಲೆನ್ಸಿನ ಮೂಲ ಅಕ್ಷರದಲ್ಲೇ ಇದೆ. ಮೊದಲ ಮೈಕ್ರೋ-ನಿಕ್ಕೋರ್, 5 ಸೆಂ.ಮೀ.ನದ್ದು, ಬಂದಿದ್ದು 1956ರಲ್ಲಿ. ಪುಸ್ತಕ, ದಾಖಲೆಗಳನ್ನು ಮೈಕ್ರೋಫಿಲ್ಮಿಗೆ ಇಳಿಸುವಾಗ ಜಪಾನಿನ ಕಾಂಜಿ ಅಕ್ಷರಗಳ ಒತ್ತೊತ್ತಾದ ಗೆರೆಗಳು ಒಂದಕ್ಕೊಂದು ಅಂಟಿಕೊಳ್ಳುತ್ತಿದ್ದವು, ಅವನ್ನು ಬಿಡಿಬಿಡಿಯಾಗಿ ತೋರಿಸುವ ಲೆನ್ಸ್ ಬೇಕಿತ್ತು. ಮೈಕ್ರೋ ಅನ್ನುವ ಹೆಸರು ಬಂದಿದ್ದೂ ಅಲ್ಲಿಂದಲೇ. ಕಾಂಜಿಯ ಕಷ್ಟ ನಮಗೂ ಗೊತ್ತಿರುವುದೇ ಅಲ್ವಾ? ‘ಜ್ಯೇಷ್ಠ’ ಅಂತ ಸಾಸಿವೆ ಗಾತ್ರದಲ್ಲಿ ಅಚ್ಚಾಗಿದ್ದರೆ ಷಕಾರದ ಕೆಳಗಿನ ಠ ಒತ್ತು, ಅದರ ಹೊಟ್ಟೆಯೊಳಗಿನ ಚುಕ್ಕೆ, ಮೊಬೈಲ್ ಫೋಟೋದಲ್ಲಿ ಬರೀ ಮಸಿ ಮುದ್ದೆ. ಇದರಲ್ಲಿ ಚುಕ್ಕೆ ಚುಕ್ಕೆಯಾಗೇ ಇದೆ. ಹೊಟ್ಟೆ ಸೀಳಿದ ಧ ಯಾವುದು, ಸೀಳದ ದ ಯಾವುದು ಅಂತ ಪುಟದ ಮೂಲೆಯಲ್ಲೂ ಗೊತ್ತಾಗುತ್ತದೆ. ಮೂಲೆ ಮುಖ್ಯ. ಮಾಮೂಲಿ ಲೆನ್ಸಿನಲ್ಲಿ ಚಪ್ಪಟೆ ಹಾಳೆಯ ಮಧ್ಯ ಸ್ಪಷ್ಟವಾದರೆ ಅಂಚು ಮಸುಕು, ಇದರಲ್ಲಿ ಅಂಚಿನವರೆಗೂ ಒಂದೇ ಸಮ.

ಒಂದು ದೋಷ ಮಾತ್ರ ಕಾಡಿತು. ಪುಟದ ನಡುವೆ ಬೂದಿ ಬಣ್ಣದ ಮಬ್ಬು. ಲೆನ್ಸಿನದೇ ಅಂದುಕೊಂಡೆ. ಅಡಾಪ್ಟರನ್ನು ಕಿಟಕಿಗೆ ಹಿಡಿದು ನೋಡಿದರೆ ಒಳಗೋಡೆ ಫಳಫಳ ಹೊಳೆಯುತ್ತಿದೆ! ಬೆಳಕು ಅಲ್ಲಿ ಬಡಿದು ಸೆನ್ಸರಿಗೆ ಚೆಲ್ಲುತ್ತಿತ್ತು. ಕಪ್ಪು ವೆಲ್ವೆಟ್ ಕಾಗದ ಕತ್ತರಿಸಿ ಒಳಗೆ ಅಂಟಿಸಿದೆ, ಮಬ್ಬು ಹೋಯಿತು. ಅಗ್ಗದ ಅಡಾಪ್ಟರ್ ಕೊಂಡವರು ದಯವಿಟ್ಟು ಇದನ್ನು ಮೊದಲ ದಿನವೇ ಮಾಡಿ.

ಪಂಚಾಂಗಗಳ ಅಂಚಿನಲ್ಲಿ ಅಜ್ಜ ಮಳೆ, ಅಡಿಕೆಯ ಕೊಳೆ ರೋಗ, ದನಕರುಗಳ ವಿಷಯ ಪೆನ್ಸಿಲಿನಲ್ಲಿ ಬರೆದಿಟ್ಟಿದ್ದಾರೆ. ‘ಆರಿದ್ರಾ ಹೊಯ್ದಿತು.’ ‘ಕೊಳೆಗೆ ಮೊದಲ ಔಷಧಿ.’ ‘ಗೌರಿ ಕರು ಹಾಕಿತು.’ ಹಾಳೆ ಹಳದಿಯಾಗಿ ಪೆನ್ಸಿಲ್ ಅಳಿಯುತ್ತಾ ಬಂದಿದೆ. ಇದೆಲ್ಲ ಹೋಗುವ ಮೊದಲು ತೆಗೆದಿಡಬೇಕು ಅಂತ ಈಗ ಅದನ್ನೇ ಹಿಡಿದಿದ್ದೇನೆ. ಟ್ಯೂಬ್ ತೆಗೆದುಹಾಕಿದೆ, ಇಡೀ ಪುಟಕ್ಕೆ ಲೆನ್ಸ್ ಒಂದೇ ಸಾಕು. ಟ್ರೈಪಾಡ್ ಮೇಲಿಂದ ಕ್ಯಾಮೆರಾ ಕೆಳಮುಖ ಮಾಡಿ, ಮೇಜಿನ ಮೇಲೆ ಕನ್ನಡಿ ಇಟ್ಟು ನೋಡುತ್ತೇನೆ. ಲೆನ್ಸಿನ ಪ್ರತಿಬಿಂಬ ಚೌಕಟ್ಟಿನ ನಟ್ಟನಡುವೆ ಕಂಡರೆ ಕ್ಯಾಮೆರಾ ಹಾಳೆಗೆ ನೇರವಾಗಿದೆ ಅಂತ ಅರ್ಥ. ಅಚ್ಚಿನ ಅಕ್ಷರಕ್ಕೆ ಎರಡೂ ಕಡೆಯಿಂದ ದೀಪ. ಪೆನ್ಸಿಲಿಗೆ ಒಂದೇ ಕಡೆಯಿಂದ, ತೀರಾ ಓರೆಯಾಗಿ. ಆಗ ಬಣ್ಣ ಹೋಗಿದ್ದರೂ ಒತ್ತಿ ಬರೆದ ತಗ್ಗು ನೆರಳಾಗಿ ಕಾಣುತ್ತದೆ. ಒಂದು ಕಡೆ ‘ಸಾಲ’ ಅಂತ ಓದಿಕೊಂಡಿದ್ದೆವು, ಓರೆ ಬೆಳಕಿನಲ್ಲಿ ನೋಡಿದರೆ ‘ಶಾಲೆ’. ಅಪ್ಪನನ್ನು ಶಾಲೆಗೆ ಸೇರಿಸಿದ ದಿನ.

ಇವತ್ತಿಗೆ 112 ಪುಟ ಆಯಿತು. ನಾಳೆ ಆನಂದ ಸಂವತ್ಸರದ್ದು, 1974-75. ಅದರ ಹೊಲಿಗೆ ಬಿಟ್ಟಿದೆ, ಹಾಳೆ ಮೇಲೇಳದಂತೆ ಒತ್ತಿಡಲು ಗಾಜು ತರಬೇಕು.