ಹಸಿವಿನ ಬೆನ್ನು ಹತ್ತಿ

ಬೊಜ್ಜು, ಚಯಾಪಚಯ (ದೇಹ ಆಹಾರವನ್ನು ಶಕ್ತಿಯಾಗಿಸಿ ಬಳಸುವ ಬಗೆ), ಮನೋರೋಗ ಈ ಮೂರರ ನಂಟನ್ನು ಹುಡುಕುವುದರಲ್ಲೇ ನನ್ನ ವೃತ್ತಿಜೀವನ ಕಳೆದಿದೆ. ಆ ದಾರಿ ಹಿಡಿಸಿದ್ದು ದಾವಣಗೆರೆಯ ನಮ್ಮ ಕಾಲೇಜಿನ ಪ್ರಾಣಿಶಾಸ್ತ್ರ ವಿಭಾಗ. ಎಂಬತ್ತರ ದಶಕದ ಕೊನೆ; ಊರಿನ ಹತ್ತಿ ಗಿರಣಿಗಳಿಗೆ ಕಷ್ಟಕಾಲ. ನನ್ನ ಗೆಳೆಯರಲ್ಲಿ ಹಲವರು ಗಿರಣಿ ಕಾರ್ಮಿಕರ ಮಕ್ಕಳು.

ನಮ್ಮ ಮೇಷ್ಟ್ರು ಪಠ್ಯದಲ್ಲಿ ಇಲ್ಲದ್ದನ್ನೂ ಪಾಠ ಮಾಡುತ್ತಿದ್ದರು. ಒಮ್ಮೆ ಹಲಗೆಯ ಮೇಲೆ ಎರಡು ಇಲಿ ಬರೆದರು. ಒಂದು ಉಂಡೆಯಂತಿತ್ತು, ಇನ್ನೊಂದು ಸಾಧಾರಣ ಗಾತ್ರದ್ದು. ಎರಡರ ಪಕ್ಕೆಗಳನ್ನೂ ಕೂಡಿಸಿ ಕೆಂಪು ಸೀಮೆಸುಣ್ಣದಲ್ಲಿ ರಕ್ತನಾಳ ಎಳೆದರು. ಅಮೆರಿಕದ ಜಾಕ್ಸನ್ ಪ್ರಯೋಗಾಲಯದಲ್ಲಿ ವಿಜ್ಞಾನಿ ಡಗ್ಲಸ್ ಕೋಲ್ಮನ್ ಹೀಗೆ ಎರಡು ಇಲಿಗಳ ರಕ್ತಪರಿಚಲನೆಯನ್ನು ಸೇರಿಸಿದಾಗ ಬೊಜ್ಜಿನ ಇಲಿ ತಿನ್ನುವುದನ್ನು ಕಡಿಮೆ ಮಾಡಿತ್ತು. "ಅದನ್ನು ಹೊಟ್ಟೆಬಾಕ ಎನ್ನಬೇಡಿ. 'ಸಾಕು' ಎನ್ನುವ ಯಾವುದೋ ವಸ್ತು ಅದರ ರಕ್ತದಲ್ಲಿಲ್ಲ. ಅದೇನೆಂದು ಇನ್ನೂ ಯಾರಿಗೂ ಸಿಕ್ಕಿಲ್ಲ" ಎಂದರು. ಆ ಕೊನೆಯ ಮಾತು ನನ್ನನ್ನು ಬಿಡಲೇ ಇಲ್ಲ.

1994ರಲ್ಲಿ ಅಮೆರಿಕದ ವಿಜ್ಞಾನಿ ಜೆಫ್ರಿ ಫ್ರೀಡ್ಮನ್ ತಂಡ ಆ ವಸ್ತುವನ್ನು ತಯಾರಿಸುವ ಜೀನನ್ನು ಪತ್ತೆ ಮಾಡಿತು. ಕೊಬ್ಬಿನ ಕೋಶಗಳು ಸ್ರವಿಸಿ, ಹಸಿವನ್ನು ಹತೋಟಿಯಲ್ಲಿಡುವ ಮಿದುಳಿನ ಭಾಗವಾದ ಹೈಪೋಥಲಾಮಸ್‌ಗೆ ಸುದ್ದಿ ಮುಟ್ಟಿಸುವ ಆ ಹಾರ್ಮೋನೇ ಲೆಪ್ಟಿನ್. ಸಂಭ್ರಮದಿಂದ ಮೇಷ್ಟ್ರಿಗೆ ಪತ್ರ ಬರೆದೆ. ಇನ್‌ಲ್ಯಾಂಡ್ ಪತ್ರದಲ್ಲಿ ಅವರ ಉತ್ತರ ಬಂತು: "ಇಲಿಯ ವಿಷಯ ಸರಿ. ಮನುಷ್ಯರ ಬೊಜ್ಜಿಗೂ ಇದೇ ಕಾರಣವೇ?" ಎಂಥ ಪ್ರಶ್ನೆ! ಬೊಜ್ಜಿರುವ ಬಹುತೇಕರ ರಕ್ತದಲ್ಲಿ ಲೆಪ್ಟಿನ್ ಹೇರಳವಾಗಿಯೇ ಇರುತ್ತದೆ. ಮಿದುಳು ಅದಕ್ಕೆ ಕಿವಿಗೊಡುವುದಿಲ್ಲ.

ಆ ಪ್ರಶ್ನೆಯ ಜಾಡಿನಲ್ಲೇ ಮನೋರೋಗಿಗಳ ವಾರ್ಡು ತಲುಪಿದೆ. ಅಲ್ಲಿ ಸ್ಕಿಜೋಫ್ರೇನಿಯಾ (ಇಲ್ಲದ ದನಿಗಳು ಕೇಳಿಸುವಂಥ ತೀವ್ರ ಮನೋರೋಗ) ಇದ್ದ ಯುವಕನೊಬ್ಬನಿಗೆ ಅದರ ಚಿಕಿತ್ಸೆಗೆಂದು ಓಲಾಂಜಪಿನ್ ಮಾತ್ರೆ ಕೊಡುತ್ತಿದ್ದರು. ಊಟ ಮುಗಿಸಿ ಕೈ ತೊಳೆದವನು ಕೈ ಒಣಗುವ ಮುನ್ನವೇ ಮತ್ತೆ ತಟ್ಟೆ ಹುಡುಕುತ್ತಿದ್ದ. ತಾಯಿ ಮಂಡಕ್ಕಿಯ ಡಬ್ಬಿಯನ್ನು ಸೆರಗಿನಡಿ ಮುಚ್ಚಿಟ್ಟುಕೊಂಡು, "ಇವನಿಗೆ ಕೇಳಿಸುತ್ತಿದ್ದ ದನಿಗಳು ನಿಂತವು ಸಾರ್, ಹಸಿವು ಮಾತ್ರ ನಿಲ್ಲುತ್ತಿಲ್ಲ" ಎಂದರು. ಮನೆಯ ಉಳಿದವರ ಪಾಲಿಗೆ ಅವನು ಬರೀ ಸೋಮಾರಿ.

ಆ ಬೈಗುಳ ಅನ್ಯಾಯದ್ದು. ಓಲಾಂಜಪಿನ್ ಮತ್ತು ಅದೇ ಬಗೆಯ ಔಷಧಿ ಕ್ಲೋಜಪಿನ್‌ಗಳು ಮಿದುಳಿನ ಸುದ್ದಿವಾಹಕ ರಾಸಾಯನಿಕಗಳಲ್ಲಿ ಡೋಪಮಿನ್ ಅಲ್ಲದೆ ಹಿಸ್ಟಮಿನ್ ಮತ್ತು ಸೆರೊಟೋನಿನ್‌ನ ಕೆಲವು ಗ್ರಾಹಕಗಳನ್ನೂ (ಆ ಸುದ್ದಿಯನ್ನು ಹಿಡಿಯುವ ಪ್ರೋಟೀನುಗಳನ್ನು) ತಡೆಯುತ್ತವೆ. ಹಸಿವು ಏರಲು ಅದೊಂದು ಮುಖ್ಯ ಕಾರಣ. ತೂಕದ ಜೊತೆ ಸಕ್ಕರೆ, ಕೊಬ್ಬಿನಂಶವೂ ಏರುತ್ತವೆ. ತೀವ್ರ ಮನೋರೋಗವಿರುವವರು ಉಳಿದವರಿಗಿಂತ ಸರಾಸರಿ 10ರಿಂದ 20 ವರ್ಷ ಮೊದಲೇ ಸಾಯುತ್ತಾರೆ, ಅದರಲ್ಲಿ ಹೃದಯರೋಗದ ಪಾಲು ದೊಡ್ಡದು. ಮನಸ್ಸಿಗೆ ಒಬ್ಬ ವೈದ್ಯ, ದೇಹಕ್ಕೆ ಇನ್ನೊಬ್ಬ ಎಂದು ಹಂಚಿಕೊಂಡ ನಮ್ಮ ವ್ಯವಸ್ಥೆಯಲ್ಲಿ ಇವರ ಸಕ್ಕರೆ ಪರೀಕ್ಷೆ ಯಾರ ಕೆಲಸವೂ ಆಗದೆ ಉಳಿಯುತ್ತದೆ. ಇದರ ಬಗ್ಗೆ ನನಗೆ ಇಂದಿಗೂ ಸಿಟ್ಟಿದೆ.

ಇದನ್ನು ಓದುವ ವಿದ್ಯಾರ್ಥಿಗಳ ಮನೆಗಳಲ್ಲೂ ಇಂತಹ ಮಾತ್ರೆ ನುಂಗುವವರು ಇರಬಹುದು. ತೂಕ ಏರಿತೆಂದು ದಯವಿಟ್ಟು ಮಾತ್ರೆ ನಿಲ್ಲಿಸಬೇಡಿ, ಕಾಯಿಲೆ ಮರಳಿ ಬರುವ ಅಪಾಯವಿದೆ. ಔಷಧಿ ಶುರುವಾದಾಗಲೇ ತೂಕ, ಸೊಂಟದ ಸುತ್ತಳತೆ, ಖಾಲಿ ಹೊಟ್ಟೆಯ ಸಕ್ಕರೆ ಬರೆದಿಡಲು ವೈದ್ಯರನ್ನು ಕೇಳಿ. ಭಾರತೀಯರಲ್ಲಿ ತೂಕ ಸರಿಯಿದ್ದರೂ ಹೊಟ್ಟೆಯ ಕೊಬ್ಬು ಹೆಚ್ಚಿರಬಹುದು, ಹಾಗಾಗಿ ಟೇಪು ಹಿಡಿಯುವುದನ್ನು ಮರೆಯಬೇಡಿ. ತೂಕ ಏರುತ್ತಲೇ ಹೋದರೆ ಔಷಧಿ ಬದಲಿಸುವ, ಇಲ್ಲವೇ ಜೊತೆಗೆ ಸಕ್ಕರೆ ಕಾಯಿಲೆಯ ಔಷಧಿ ಮೆಟ್‌ಫಾರ್ಮಿನ್ ಕೊಡುವ ದಾರಿ ವೈದ್ಯರ ಬಳಿ ಇದೆ.